ಗುಜರಿಗೂ ಹರಾಜಿಗೂ ನಡುವೆ: ಹಳೆಯ ಸೈಕಲ್ಲು ಹೇಳುವ ಚರಿತ್ರೆ

ಜಯನಗರದ ಅಥವಾ ಬನಶಂಕರಿಯ ಯಾವುದಾದರೊಂದು ಹಳೆಯ ಅಡ್ಡರಸ್ತೆಯಲ್ಲಿ ಬಿಡುವಾಗಿ ನಡೆದು ನೋಡಿ. ನಾಲ್ಕು ಮಹಡಿಗಳ ಹೊಸ ಕಟ್ಟಡಗಳ ನಡುವೆ ಅಲ್ಲೊಂದು ಇಲ್ಲೊಂದು ಹಳೆಯ ತಾರಸಿ ಮನೆ ಇನ್ನೂ ಉಳಿದಿರುತ್ತದೆ. ಮುಂದೆ ಕಾಂಪೌಂಡು, ಒಂದು ತೆಂಗಿನ ಮರ, ಪಕ್ಕದಲ್ಲಿ ಕಿರಿದಾದ ಓಣಿ. ಆ ಓಣಿಯ ಕೊನೆಯಲ್ಲಿ, ಒಡೆದ ಬಕೆಟ್ಟು ಮತ್ತು ಬಿಚ್ಚಿಟ್ಟ ಕಿಟಕಿ ಚೌಕಟ್ಟುಗಳ ಹಿಂದೆ, ಗೋಡೆಗೆ ಒರಗಿಕೊಂಡು ಒಂದು ಸೈಕಲ್ಲು ನಿಂತಿರುವುದುಂಟು. ಟೈರು ಬಿರಿದಿರುತ್ತದೆ, ಸೀಟಿನ ಚರ್ಮ ಸುರುಟಿಕೊಂಡಿರುತ್ತದೆ, ಚೈನಿಗೆ ತುಕ್ಕು ಹಿಡಿದಿರುತ್ತದೆ. ಅದು ತಾತನದು ಎಂದಷ್ಟೇ ಮನೆಯವರಿಗೆ ಗೊತ್ತು. ಮನೆ ಕೆಡವುವ ದಿನ ಗುಜರಿಯವನು ಬರುತ್ತಾನೆ. ತಕ್ಕಡಿಯಲ್ಲಿ ತೂಗಿ, ಕಬ್ಬಿಣದ ದರ ಕೊಟ್ಟು, ಅದನ್ನು ಹೊತ್ತುಕೊಂಡು ಹೋಗುತ್ತಾನೆ.

ಅದೇ ಸೈಕಲ್ಲು ಬಲ್ಲವನೊಬ್ಬನ ಕಣ್ಣಿಗೆ ಬಿದ್ದರೆ ಕಥೆ ಬೇರೆಯಾಗುತ್ತದೆ. ಅವನು ಮೊದಲು ತಕ್ಕಡಿಯನ್ನು ನೋಡುವುದಿಲ್ಲ. ಮುಂದಿನ ಫೋರ್ಕು, ಪೆಡಲಿನ ಚಕ್ರದ ಹಲ್ಲುಗಳ ನಡುವಿನ ಚಿತ್ತಾರ, ಸೀಟಿನ ಕೆಳಗೆ ಕೊರೆದ ಅಂಕಿ ಇವುಗಳನ್ನು ನೋಡುತ್ತಾನೆ. ಕೈ ಬದಲಾಗುತ್ತ ಹೋಗಿ ಕೊನೆಗೆ ಅದು ಹರಾಜಿನ ಕಟ್ಟೆ ಏರಿದಾಗ ಗುಜರಿಯ ಬೆಲೆಯ ಹಲವು ಪಟ್ಟು ಹಣಕ್ಕೆ ಹೋಗಬಹುದು. ಕಬ್ಬಿಣ ಅಷ್ಟೇ, ತೂಕ ಅಷ್ಟೇ. ಹಾಗಾದರೆ ನಡುವೆ ಸೇರಿಕೊಂಡದ್ದೇನು? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ಎರಡು ಚಕ್ರಗಳ ಹುಟ್ಟು

ಸಂಗ್ರಾಹಕರು ಹಳೆಯ ಸೈಕಲ್ಲುಗಳನ್ನು ಕಾಲಕ್ರಮದಲ್ಲಿ ಜೋಡಿಸುತ್ತಾರೆ. ಆ ಕ್ರಮವನ್ನು ನಾವೂ ತಿಳಿದಿರಬೇಕು. ಜರ್ಮನಿಯ ಮಾನ್‌ಹೈಮ್ ಪಟ್ಟಣದಲ್ಲಿ 1817ರ ಜೂನ್ 12ರಂದು ಕಾರ್ಲ್ ಫಾನ್ ಡ್ರೈಸ್ ಎಂಬವನು ಎರಡು ಚಕ್ರಗಳ ಮರದ ವಾಹನವೊಂದರ ಮೇಲೆ ಸವಾರಿ ಮಾಡಿ ತೋರಿಸಿದ. ಅದಕ್ಕೆ ಪೆಡಲೂ ಇರಲಿಲ್ಲ, ಚೈನೂ ಇರಲಿಲ್ಲ. ಕಾಲಿನಿಂದ ನೆಲವನ್ನು ಒದೆಯುತ್ತ ಓಡಿಸಬೇಕಿತ್ತು. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಮುಂದಿನ ಚಕ್ರಕ್ಕೆ ಪೆಡಲು ಬಂದಿತು. ಕಬ್ಬಿಣದ ಪಟ್ಟಿ ಹೊಡೆದ ಮರದ ಚಕ್ರಗಳ ಈ ಗಾಡಿ ಕಲ್ಲು ಹಾಸಿದ ಬೀದಿಯಲ್ಲಿ ಓಡುವಾಗ ಸವಾರನ ಮೂಳೆಗಳೇ ಅಲುಗಾಡುತ್ತಿದ್ದುದರಿಂದ ಇಂಗ್ಲಿಷರು ಅದನ್ನು 'ಮೂಳೆ ಕುಲುಕುವ ಗಾಡಿ' ಎಂದೇ ಕರೆದರು.

ಪೆಡಲು ನೇರವಾಗಿ ಮುಂದಿನ ಚಕ್ರಕ್ಕೆ ಸೇರಿದ್ದರೆ, ಒಂದು ತುಳಿತಕ್ಕೆ ಸಾಗುವ ದೂರ ಆ ಚಕ್ರದ ಗಾತ್ರವನ್ನು ಅವಲಂಬಿಸುತ್ತದೆ. ವೇಗ ಬೇಕೆಂದರೆ ಚಕ್ರ ದೊಡ್ಡದಾಗಬೇಕು. 1870ರ ದಶಕದಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜೇಮ್ಸ್ ಸ್ಟಾರ್ಲಿ ಮುಂತಾದವರು ತಯಾರಿಸಿದ ಎತ್ತರದ ಸೈಕಲ್ಲುಗಳ ಹಿಂದಿನ ತರ್ಕ ಇದು. ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರ. ದೊಡ್ಡ ಪೆನ್ನಿ ನಾಣ್ಯದ ಪಕ್ಕದಲ್ಲಿ ಚಿಕ್ಕ ಫಾರ್ದಿಂಗ್ ನಾಣ್ಯ ಇಟ್ಟಂತೆ ಕಾಣುತ್ತಿದ್ದುದರಿಂದ ಅದಕ್ಕೆ 'ಪೆನ್ನಿ ಫಾರ್ದಿಂಗ್' ಎಂಬ ಹೆಸರು ಬಂತು. ಎದುರಿಗೆ ಕಲ್ಲು ಸಿಕ್ಕರೆ ಸವಾರ ತಲೆಕೆಳಗಾಗಿ ಬೀಳುತ್ತಿದ್ದ. ಅದು ಧೈರ್ಯವಂತ ತರುಣರ ಆಟಿಕೆಯಾಗಿ ಉಳಿಯಿತೇ ಹೊರತು ಜನಸಾಮಾನ್ಯರ ವಾಹನವಾಗಲಿಲ್ಲ.

ಈ ಸಮಸ್ಯೆಯನ್ನು ಬಿಡಿಸಿದ್ದು ಚೈನು. 1885ರಲ್ಲಿ ಜೇಮ್ಸ್ ಸ್ಟಾರ್ಲಿಯ ಬಂಧುವೇ ಆದ ಜಾನ್ ಕೆಂಪ್ ಸ್ಟಾರ್ಲಿ 'ರೋವರ್' ಎಂಬ ಸೈಕಲ್ಲನ್ನು ಹೊರತಂದ. ಎರಡೂ ಚಕ್ರಗಳು ಹೆಚ್ಚುಕಡಿಮೆ ಒಂದೇ ಗಾತ್ರದವು, ಪೆಡಲು ನಡುವೆ, ಚೈನಿನ ಮೂಲಕ ಹಿಂದಿನ ಚಕ್ರ ತಿರುಗುವ ವ್ಯವಸ್ಥೆ. ಮೂರು ವರ್ಷಗಳ ನಂತರ, 1888ರಲ್ಲಿ, ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದ. ಇಂದು ನೀವು ಶಾಲೆಗೆ ಓಡಿಸುವ ಸೈಕಲ್ಲಿನ ಮೂಲರೂಪ ಅಲ್ಲಿಗೆ ಸಿದ್ಧವಾಯಿತು. ಆ ಬಳಿಕ ನೂರಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಎಷ್ಟೋ ಸುಧಾರಣೆಗಳಾದರೂ ಆ ಆಕಾರ ಮಾತ್ರ ಬದಲಾಗಿಲ್ಲ.

ಬೆಂಗಳೂರಿನ ಬೀದಿಗೆ ಬಂದದ್ದು

ನಮ್ಮ ಊರಿನಲ್ಲಿ ಸೈಕಲ್ಲಿಗೆ ಜಾಗ ಸಿಕ್ಕಿದ್ದೇಕೆ ಎಂಬುದನ್ನು ಊರು ಬೆಳೆದ ರೀತಿಯಲ್ಲೇ ಹುಡುಕಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತರಲು ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಮನೆ ಒಂದು ಕಡೆ, ಕಚೇರಿ ಅಥವಾ ಅಂಗಡಿ ಇನ್ನೊಂದು ಕಡೆ. ನಡೆಯಲು ದೂರ, ದಿನವೂ ಜಟಕಾಕ್ಕೆ ಕೊಡಲು ದುಬಾರಿ. ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಹುಟ್ಟಿದ್ದು 1940ರಲ್ಲಿ. ಅದು ಸರ್ಕಾರದ ವಶಕ್ಕೆ ಬಂದು ಬಿ.ಟಿ.ಎಸ್. ಆದದ್ದು 1956ರಲ್ಲಿ. ಇಂಥ ಊರಿನಲ್ಲಿ ಗುಮಾಸ್ತ, ಮೇಷ್ಟ್ರು, ಅಂಚೆಯವನು, ಹಾಲಿನವನು ಎಲ್ಲರಿಗೂ ಸೈಕಲ್ಲು ಒದಗಿ ಬಂತು.

1948ರಲ್ಲಿ ಚಕ್ರವರ್ತಿ ರಾಜಗೋಪಾಲಾಚಾರಿ ಅವರು ಅಶೋಕ ಸ್ತಂಭದ ಬಳಿ ಜಯನಗರಕ್ಕೆ ಶಂಕುಸ್ಥಾಪನೆ ಮಾಡಿದಾಗ ಊರು ಇನ್ನಷ್ಟು ದಕ್ಷಿಣಕ್ಕೆ ಚಾಚಿತು. ಮುಂದೆ ಬನಶಂಕರಿ ಬಂತು. ಲೋಕನಾಯಕ ಜಯಪ್ರಕಾಶ ನಾರಾಯಣರ ಹೆಸರಿನ ಜೆ.ಪಿ. ನಗರ ಬಂತು, ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳನ್ನು ಕೂಡಿಸಿಕೊಂಡ ಬಿ.ಟಿ.ಎಂ. ಬಡಾವಣೆ ಬಂತು. ಅಗಲವಾದ, ನೇರವಾದ, ಮರಗಳ ನೆರಳಿನ ರಸ್ತೆಗಳು ಸೈಕಲ್ಲಿಗೆ ಹೇಳಿ ಮಾಡಿಸಿದಂತಿದ್ದವು. ಪ್ರತಿ ಬಡಾವಣೆಯಲ್ಲೂ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಸೈಕಲ್ ಅಂಗಡಿಗಳಿದ್ದವು. ಕಾಲು ನಿಲುಕದ ಹುಡುಗರು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆದು ಸವಾರಿ ಕಲಿತದ್ದು ಅಂಥ ಬಾಡಿಗೆ ಸೈಕಲ್ಲಿನ ಮೇಲೆ. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಮೊಣಕಾಲಿನ ಗಾಯದ ಕಲೆಯನ್ನೂ ತೋರಿಸಿಯಾರು.

ಆರಂಭದಲ್ಲಿ ಇಲ್ಲಿಗೆ ಬಂದವು ಬಹುಪಾಲು ಇಂಗ್ಲೆಂಡಿನ ಸೈಕಲ್ಲುಗಳು. ನಾಟಿಂಗ್‌ಹ್ಯಾಮಿನ ರ‍್ಯಾಲಿ, ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ., ಹರ್ಕ್ಯುಲಿಸ್, ಫಿಲಿಪ್ಸ್, ಕವೆಂಟ್ರಿಯ ರಡ್ಜ್, ಹಾಗೆಯೇ ಹಂಬರ್. ಬಿ.ಎಸ್.ಎ. ಎಂದರೆ 'ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್'. ಮೂಲದಲ್ಲಿ ಬಂದೂಕು ಮಾಡುವ ಕಂಪನಿ. ಅದರ ಗುರುತಿನಲ್ಲಿ ಒಂದಕ್ಕೊಂದು ಒರಗಿಸಿಟ್ಟ ಮೂರು ಬಂದೂಕುಗಳಿರುವುದು ಈ ಕಾರಣಕ್ಕೆ. 1930ರ ದಶಕದ ಕೊನೆಗೆ ಮುಂಬಯಿಯಲ್ಲಿ ಹಿಂದ್ ಸೈಕಲ್ಸ್ ಪ್ರಾರಂಭವಾಯಿತು. ಸ್ವಾತಂತ್ರ್ಯ ಬಂದ ನಂತರ, 1949ರಲ್ಲಿ, ಮುರುಗಪ್ಪ ಸಮೂಹ ಮತ್ತು ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಸೇರಿ ಮದರಾಸಿನ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್ ಕಟ್ಟಿದವು. ಬಂಗಾಳದ ಆಸನ್‌ಸೋಲಿನಲ್ಲಿ ಸೆನ್-ರ‍್ಯಾಲಿ, 1951ರಲ್ಲಿ ಸೋನಿಪತ್ತಿನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ. ಹೀಗೆ ಪರದೇಶದ ವಸ್ತು ಹತ್ತೇ ವರ್ಷಗಳಲ್ಲಿ ಸ್ವದೇಶದ್ದಾಯಿತು.

ಹರಾಜೆಂದರೇನು?

ಇನ್ನು ಹರಾಜಿನ ಮಾತಿಗೆ ಬರೋಣ. ಬೆಂಗಳೂರಿನಂಥ ದಂಡಿನ ಊರಿಗೆ ಹರಾಜು ಹೊಸದಲ್ಲ. ದಂಡುಪ್ರದೇಶದ ಅಧಿಕಾರಿಗಳು ವರ್ಗವಾಗಿ ಅಥವಾ ಸ್ವದೇಶಕ್ಕೆ ಹೊರಡುವಾಗ ಮನೆಯ ಸಾಮಾನುಗಳನ್ನು ಹರಾಜಿಗೆ ಹಾಕುವುದು ಬ್ರಿಟಿಷರ ಕಾಲದ ರೂಢಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯದ ಹೆಚ್ಚುವರಿ ಸಾಮಗ್ರಿಗಳನ್ನು ದೇಶಾದ್ಯಂತ ವಿಲೇವಾರಿ ಮಾಡಲಾಯಿತು. ಯುದ್ಧಕಾಲದಲ್ಲಿ ಬಿ.ಎಸ್.ಎ. ಕಂಪನಿ ಪ್ಯಾರಾಶೂಟ್ ಪಡೆಗಾಗಿ ತಯಾರಿಸಿದ, ನಡುವೆ ಮಡಿಸಬಹುದಾದ ಸೈಕಲ್ಲು ಇಂದು ಸಂಗ್ರಾಹಕರು ಆಸೆಪಟ್ಟು ಹುಡುಕುವ ವಸ್ತು.

ಇಂದು ಹಳೆಯ ಸೈಕಲ್ಲು ಹರಾಜಿಗೆ ಬರುವ ದಾರಿಗಳು ಹಲವು. ಒಂದು, ವಾರಸುದಾರರಿಲ್ಲದ ಮಾಲು. ಪೊಲೀಸರ ವಶಕ್ಕೆ ಬಂದು ಒಡೆಯನೇ ಪತ್ತೆಯಾಗದ ವಸ್ತುವಿನ ಬಗ್ಗೆ ನ್ಯಾಯಾಲಯ ಪ್ರಕಟಣೆ ಹೊರಡಿಸುತ್ತದೆ. ಆರು ತಿಂಗಳೊಳಗೆ ಯಾರೂ ಹಕ್ಕು ಸ್ಥಾಪಿಸದಿದ್ದರೆ ಅದು ಸರ್ಕಾರದ ಪಾಲಾಗಿ ಮಾರಾಟವಾಗಬಹುದು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ಕ್ರಮ 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಮುಂದುವರಿದಿದೆ. ಎರಡು, ಕಚೇರಿ ಮತ್ತು ಕಾರ್ಖಾನೆಗಳು ಬಳಕೆ ತಪ್ಪಿದ ಸಾಮಾನುಗಳನ್ನು ವಿಲೇವಾರಿ ಮಾಡುವ ಹರಾಜು. ಮೂರು, ಹಳೆಯ ವಸ್ತುಗಳಿಗೆಂದೇ ಇರುವ ಹರಾಜು ಮಂದಿರಗಳು. ಇವಲ್ಲದೆ ಪೇಟೆಯ ಭಾನುವಾರದ ಸಂತೆ ಇದೆ. ಅಲ್ಲಿ ಹರಾಜಿಲ್ಲ, ಚೌಕಾಸಿ ಇದೆ.

ಹರಾಜಿಗೂ ಒಂದು ಶಿಸ್ತುಂಟು. 1930ರ ಸರಕು ಮಾರಾಟ ಅಧಿನಿಯಮದ 64ನೆಯ ಪ್ರಕರಣ ಇದನ್ನು ಹೇಳುತ್ತದೆ. ಸುತ್ತಿಗೆ ಬಿದ್ದಾಗ, ಅಥವಾ ರೂಢಿಯಲ್ಲಿರುವ ಬೇರೆ ಯಾವುದೇ ರೀತಿಯಲ್ಲಿ ಹರಾಜುಗಾರ ಮುಕ್ತಾಯ ಸಾರಿದಾಗ ಮಾರಾಟ ಪೂರ್ಣವಾಗುತ್ತದೆ. 'ಒಂದು ಸಾರಿ, ಎರಡು ಸಾರಿ, ಮೂರು ಸಾರಿ' ಎಂಬ ಕೂಗಿಗೆ ಇರುವ ಮಹತ್ವ ಇದೇ. ಅದಕ್ಕೆ ಮುಂಚೆ ಯಾವ ಸವಾಲುದಾರನೂ ತನ್ನ ಸವಾಲನ್ನು ಹಿಂದಕ್ಕೆ ಪಡೆಯಬಹುದು. ಮಾರುವವನು ಮುಂಚಿತವಾಗಿ ತಿಳಿಸಿ ಹಕ್ಕು ಕಾದಿರಿಸಿಕೊಂಡಿದ್ದರೆ ಮಾತ್ರ ತಾನೂ ಸವಾಲು ಕೂಗಬಹುದು. ಬೆಲೆ ಏರಿಸಲೆಂದು ಅವನು ಸುಳ್ಳು ಸವಾಲು ಕೂಗಿಸಿದರೆ, ಕೊಂಡವನು ಆ ಮಾರಾಟವನ್ನು ರದ್ದುಪಡಿಸಿಕೊಳ್ಳಬಹುದು.

'ಇದ್ದಲ್ಲಿ, ಇದ್ದ ಸ್ಥಿತಿಯಲ್ಲಿ' ಎಂಬ ಮಾತು ಹರಾಜು ಪ್ರಕಟಣೆಗಳಲ್ಲಿ ಸಾಮಾನ್ಯ. ವಸ್ತುವನ್ನು ಮೊದಲೇ ನೋಡಿ ತಿಳಿದುಕೊಳ್ಳುವ ಹೊಣೆ ನಿಮ್ಮದು ಎಂಬುದು ಅದರ ಅರ್ಥ. ಆದ್ದರಿಂದಲೇ ಅನುಭವಸ್ಥರು ಹರಾಜಿನ ಹಿಂದಿನ ದಿನವೇ ಹೋಗಿ ವಸ್ತುವನ್ನು ಪರೀಕ್ಷಿಸುತ್ತಾರೆ; ತಮ್ಮ ಮಿತಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಸವಾಲಿನ ಬಿಸಿಯಲ್ಲಿ ಲೆಕ್ಕ ಮರೆತುಹೋಗುತ್ತದೆ. ಪಕ್ಕದವನ ಮೇಲಿನ ಹಟಕ್ಕೆ ಕೂಗಿದ ಸವಾಲು ಮನೆಗೆ ಬಂದ ಮೇಲೆ ಸಾಲವಾಗಿ ಕಾಡುತ್ತದೆ.

ಕಬ್ಬಿಣವನ್ನು ಓದುವ ವಿದ್ಯೆ

ಪರೀಕ್ಷಿಸುವುದೆಂದರೆ ಏನು? ಶಾಸನತಜ್ಞರು ಲಿಪಿಯ ತಿರುವು ನೋಡಿ ಕಾಲ ನಿರ್ಣಯ ಮಾಡುವಂತೆ, ಸೈಕಲ್ ಬಲ್ಲವರು ಬಿಡಿಭಾಗಗಳನ್ನು ನೋಡಿ ವಯಸ್ಸು ಹೇಳುತ್ತಾರೆ. ಕೆಲವು ಸೂತ್ರಗಳನ್ನು ನೀವೂ ಕಲಿಯಬಹುದು.

ಮೊದಲನೆಯದು ಲೇಪ. ಸುಮಾರು 1930ಕ್ಕೆ ಮುಂಚಿನ ಹ್ಯಾಂಡಲ್ಲು, ರಿಮ್ಮುಗಳಿಗೆ ನಿಕ್ಕಲ್ ಲೇಪ ಇರುತ್ತಿತ್ತು. ಅದರ ಹೊಳಪಿನಲ್ಲಿ ತುಸು ಹಳದಿ ಛಾಯೆ. ಆಮೇಲೆ ಬಂದ ಕ್ರೋಮಿಯಂ ಲೇಪದ್ದು ನೀಲಿ ಬೆರೆತ ಬಿಳುಪು. ಯುದ್ಧದ ವರ್ಷಗಳಲ್ಲಿ ಲೋಹದ ಅಭಾವದಿಂದ ಎಷ್ಟೋ ಭಾಗಗಳಿಗೆ ಲೇಪದ ಬದಲು ಕಪ್ಪು ಬಣ್ಣ ಬಳಿಯುತ್ತಿದ್ದರು. ಎರಡನೆಯದು ಗೇರು. ಇಂಗ್ಲೆಂಡಿನ ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ಗೇರಿನ ಹಬ್ಬು 20ನೆಯ ಶತಮಾನದ ಆರಂಭದಲ್ಲಿ ಬಂತು. ಬಹಳ ಹೆಸರಾದ 'ಎ.ಡಬ್ಲ್ಯು.' ಮಾದರಿ 1936ರದು. ಅನೇಕ ಹಬ್ಬುಗಳ ಮೇಲೆ ತಯಾರಾದ ವರ್ಷವನ್ನು ಸೂಚಿಸುವ ಅಂಕಿಯನ್ನು ಒತ್ತಿರುತ್ತಾರೆ. ಎಣ್ಣೆ ಜಿಡ್ಡನ್ನು ಬಟ್ಟೆಯಿಂದ ಒರೆಸಿದರೆ ಸಾಕು, ಸೈಕಲ್ಲು ತನ್ನ ವಯಸ್ಸನ್ನು ತಾನೇ ಹೇಳುತ್ತದೆ. ಮೂರನೆಯದು ಊರಿನ ಹೆಸರು. ಹರ್ಕ್ಯುಲಿಸ್, ಫಿಲಿಪ್ಸ್ ಹೆಸರಿನ ಸೈಕಲ್ಲುಗಳು ಬರ್ಮಿಂಗ್‌ಹ್ಯಾಮಿನಲ್ಲೂ ತಯಾರಾದವು, ಅಂಬತ್ತೂರಿನಲ್ಲೂ ತಯಾರಾದವು. ಮುಂಭಾಗದ ಬಿಲ್ಲೆಯನ್ನು ಪೂರ್ತಿ ಓದದೆ ಹೆಸರು ಮಾತ್ರ ನೋಡಿ ಇಂಗ್ಲೆಂಡಿನದೆಂದು ನಂಬಿದರೆ ಮೋಸ ಹೋಗುತ್ತೀರಿ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಬಿ.ಎಸ್.ಎ. ಕಂಪನಿ ಪೂರ್ಣ ಸೈಕಲ್ಲುಗಳನ್ನಷ್ಟೇ ಅಲ್ಲ, ಬಿಡಿಭಾಗಗಳನ್ನೂ ಇತರ ತಯಾರಕರಿಗೆ ಮಾರುತ್ತಿತ್ತು. ಆದಕಾರಣ ಪೆಡಲಿನ ತೋಳಿನ ಮೇಲೆ ಮೂರು ಬಂದೂಕು ಕಂಡಮಾತ್ರಕ್ಕೆ ಇಡೀ ಸೈಕಲ್ಲು ಬಿ.ಎಸ್.ಎ. ಆಗುವುದಿಲ್ಲ. ಒಂದು ಭಾಗ ಸತ್ಯ ಹೇಳುತ್ತಿರಬಹುದು. ಇಡೀ ಸೈಕಲ್ಲಿನ ಬಗ್ಗೆ ಅದು ಏನನ್ನೂ ಹೇಳದಿರಬಹುದು. ಚರಿತ್ರೆಯ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರಿಲ್ಲ. ಒಂದು ಆಧಾರ ಸಾಲದು. ಹಲವು ಆಧಾರಗಳು ಒಂದೇ ಮಾತನ್ನು ಹೇಳಬೇಕು. ಇಂಗ್ಲೆಂಡಿನಲ್ಲಿ 1955ರಲ್ಲಿ ಆರಂಭವಾದ ವೆಟರನ್-ಸೈಕಲ್ ಕ್ಲಬ್ಬಿನ ಸದಸ್ಯರು ಚೌಕಟ್ಟಿನ ಮೇಲಿನ ಸಂಖ್ಯೆ, ಹಳೆಯ ಬೆಲೆಪಟ್ಟಿ, ಜಾಹೀರಾತು ಇವೆಲ್ಲವನ್ನೂ ತಾಳೆ ನೋಡಿಯೇ ಒಂದು ಸೈಕಲ್ಲಿನ ಕಾಲವನ್ನು ನಿರ್ಧರಿಸುತ್ತಾರೆ.

ಜೊತೆಗೆ ಬಂದ ಚಿಲ್ಲರೆ ಸಾಮಾನು

ಸೈಕಲ್ಲಿನ ಸುತ್ತ ಹುಟ್ಟಿಕೊಂಡ ಸಣ್ಣಪುಟ್ಟ ವಸ್ತುಗಳನ್ನು ಮಾತ್ರ ಸಂಗ್ರಹಿಸುವವರೂ ಇದ್ದಾರೆ. ಇಡೀ ಸೈಕಲ್ಲಿಡಲು ಮನೆಯಲ್ಲಿ ಜಾಗ ಬೇಕು. ಬಿಲ್ಲೆಗಳಿಗೆ ಒಂದು ಡಬ್ಬಿ ಸಾಕು. ಹಿಂದೆ ಸೈಕಲ್ಲಿಗೂ ತೆರಿಗೆ ಇತ್ತೆಂದರೆ ನಿಮಗೆ ಆಶ್ಚರ್ಯವಾದೀತು. ತೆರಿಗೆ ಕಟ್ಟಿದ್ದಕ್ಕೆ ಗುರುತಾಗಿ ಪುರಸಭೆ, ನಗರಸಭೆಗಳು ವರ್ಷದ ಅಂಕಿಯಿದ್ದ ಲೋಹದ ಬಿಲ್ಲೆ ಕೊಡುತ್ತಿದ್ದವು. ಬೆಂಗಳೂರಿನಲ್ಲಿ 1949ರವರೆಗೆ ನಗರಕ್ಕೆ ಒಂದು, ದಂಡುಪ್ರದೇಶಕ್ಕೆ ಇನ್ನೊಂದು, ಹೀಗೆ ಎರಡು ಪೌರಾಡಳಿತಗಳಿದ್ದವು. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಹೆಸರಿರುವ ಬಿಲ್ಲೆ ಸಿಕ್ಕರೆ, ಅದು ಈ ಎರಡೂ ಒಂದಾಗುವುದಕ್ಕೆ ಹಿಂದಿನದೆಂದು ತಿಳಿಯಬಹುದು. ಅಂಗೈಯಲ್ಲಿ ಅಡಗುವ ಲೋಹದ ಚೂರಿನಲ್ಲಿ ಒಂದು ಊರು ಎರಡಾಗಿದ್ದ ಚರಿತ್ರೆ ಕುಳಿತಿರುತ್ತದೆ.

ದೀಪಗಳದು ಇನ್ನೊಂದು ಲೋಕ. ರಾತ್ರಿ ದೀಪವಿಲ್ಲದೆ ಹೋದರೆ ಪೊಲೀಸಿನವರು ಹಿಡಿಯುತ್ತಿದ್ದ ಕಾಲ ಅದು. ಮೊದಲು ಸೀಮೆಎಣ್ಣೆಯ ದೀಪ ಬಂತು, ಆಮೇಲೆ ಕಾರ್ಬೈಡ್ ದೀಪ, ಆಮೇಲೆ ಡೈನಮೋ. ಕಾರ್ಬೈಡ್ ದೀಪದ ಮೇಲಿನ ಅರೆಯಲ್ಲಿ ನೀರು, ಕೆಳಗಿನ ಅರೆಯಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಹರಳು. ನೀರು ತೊಟ್ಟಿಕ್ಕಿದಾಗ ಅಸಿಟಿಲೀನ್ ಅನಿಲ ಹುಟ್ಟಿ ಬೆಳ್ಳನೆಯ ಜ್ವಾಲೆಯಾಗಿ ಉರಿಯುತ್ತದೆ. ಕೆಳಗೆ ಸುಣ್ಣ ಉಳಿಯುತ್ತದೆ. ರಸಾಯನಶಾಸ್ತ್ರದ ಪುಸ್ತಕದಲ್ಲಿ ನೀವು ಓದಿರುವ ಸಮೀಕರಣ ಒಂದು ಕಾಲಕ್ಕೆ ಸೈಕಲ್ಲಿನ ಮುಂದೆ ಉರಿಯುತ್ತಿತ್ತು. ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲ್ಯೂಕಾಸ್ ಕಂಪನಿಯ 'ಕಿಂಗ್ ಆಫ್ ದಿ ರೋಡ್' ದೀಪಗಳು, 1866ರಲ್ಲಿ ಸ್ಥಾಪನೆಯಾದ ಬ್ರೂಕ್ಸ್ ಕಂಪನಿಯ ಚರ್ಮದ ಸೀಟುಗಳು ಸಂಗ್ರಾಹಕರಿಗೆ ಬಹಳ ಪ್ರಿಯ.

ಎಲ್ಲಕ್ಕಿಂತ ಹೆಚ್ಚು ನಿರ್ಲಕ್ಷ್ಯಕ್ಕೊಳಗಾಗುವುದು ಕಾಗದ. ಸೈಕಲ್ಲು ಕೊಂಡ ರಸೀತಿ ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕರೆ ಅದನ್ನು ಹೀಗೆ ಓದಿ. ಬೆಲೆ ರೂಪಾಯಿ, ಆಣೆ, ಪೈಗಳಲ್ಲಿದ್ದರೆ ಅದು ಸಾಮಾನ್ಯವಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು, ಏಕೆಂದರೆ ದಶಮಾಂಶ ನಾಣ್ಯ ಬಂದದ್ದು ಆಗ. ಅಂಗಡಿಯ ವಿಳಾಸದಲ್ಲಿ 560ರಿಂದ ಆರಂಭವಾಗುವ ಆರಂಕಿಯ ಪಿನ್ ಸಂಖ್ಯೆಯಿದ್ದರೆ ಅದು 1972ರ ಆಗಸ್ಟ್ 15ರ ಈಚಿನದು. ರಾಜ್ಯದ ಹೆಸರು 'ಮೈಸೂರು' ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದಿರಬೇಕು. ಒಂದು ತುಂಡು ಕಾಗದ, ಮೂರು ಸಾಕ್ಷಿ!

ಬೆಲೆಯೂ ಮೌಲ್ಯವೂ

ಈಗ ನಮ್ಮ ಮೊದಲಿನ ಪ್ರಶ್ನೆಗೆ ಮರಳೋಣ. ಗುಜರಿಯ ಬೆಲೆಗೂ ಹರಾಜಿನ ಬೆಲೆಗೂ ನಡುವೆ ಸೇರಿಕೊಂಡದ್ದೇನು? ದೂರದ ಕೆಲವು ಉದಾಹರಣೆಗಳನ್ನು ನೋಡಿದರೆ ಉತ್ತರ ಸ್ಪಷ್ಟವಾಗುತ್ತದೆ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನಮ್ಸ್ ಹರಾಜು ಮಂದಿರದಲ್ಲಿ ಟಿಪ್ಪು ಸುಲ್ತಾನನ ಖಡ್ಗವೊಂದು ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. 2009ರಲ್ಲಿ ನ್ಯೂಯಾರ್ಕಿನಲ್ಲಿ ಗಾಂಧೀಜಿಯವರ ಕನ್ನಡಕ, ಗಡಿಯಾರ, ಚಪ್ಪಲಿ, ಊಟದ ಬಟ್ಟಲು ತಟ್ಟೆ ಎಲ್ಲವೂ ಸೇರಿ 18 ಲಕ್ಷ ಡಾಲರಿಗೆ ಸವಾಲಾದವು. ನಮ್ಮ ಬೆಂಗಳೂರು ಕ್ಲಬ್ಬಿನಲ್ಲಿ 1899ರ ಲೆಕ್ಕದ ಪುಸ್ತಕವೊಂದಿದೆ. ಅದರಲ್ಲಿ ಬಾಕಿದಾರರ ಸಾಲಿನಲ್ಲಿ ವಿನ್‌ಸ್ಟನ್ ಚರ್ಚಿಲ್ ಎಂಬ ತರುಣ ಸೇನಾಧಿಕಾರಿಯ ಹೆಸರೂ, ಎದುರಿಗೆ 13 ರೂಪಾಯಿಯ ಬಾಕಿಯೂ ಕಾಣುತ್ತವೆ. ಚಪ್ಪಲಿಯ ಚರ್ಮಕ್ಕೆ, ಲೆಕ್ಕದ ಪುಸ್ತಕದ ಕಾಗದಕ್ಕೆ ಎಷ್ಟು ಬೆಲೆ? ಏನೂ ಇಲ್ಲ. ಆದರೆ 'ಇದು ಇಂಥವರದು, ಇಂಥ ಕಾಲದ್ದು, ಇಂಥ ಕೈಗಳ ಮೂಲಕ ಬಂದದ್ದು' ಎಂಬ ದಾಖಲೆ ಇದ್ದಾಗ ಆ ವಸ್ತುವೇ ಬೇರೆಯಾಗಿಬಿಡುತ್ತದೆ. ವಸ್ತುವಿಗೆ ಅಂಟಿಕೊಂಡಿರುವ ಈ ವೃತ್ತಾಂತವೇ ನಾವು ಹುಡುಕುತ್ತಿದ್ದ ಉತ್ತರ.

ಹಾಗಿದ್ದರೂ ಬೆಲೆಯೇ ಮೌಲ್ಯವೆಂದು ಭ್ರಮಿಸಬೇಡಿ. 2009ರ ನವೆಂಬರಿನಲ್ಲಿ ಓಟಗಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಸವಾರಿ ಮಾಡಿದ್ದ, ಕಲಾವಿದ ಡೇಮಿಯನ್ ಹರ್ಸ್ಟ್ ಚಿಟ್ಟೆಯ ರೆಕ್ಕೆಗಳಿಂದ ಅಲಂಕರಿಸಿದ್ದ ಸೈಕಲ್ಲು 5 ಲಕ್ಷ ಡಾಲರಿಗೆ ಹರಾಜಾಯಿತು. ಮುಂದೆ 2012ರಲ್ಲಿ ಆರ್ಮ್‌ಸ್ಟ್ರಾಂಗ್ ಉದ್ದೀಪನ ಮದ್ದಿನ ಕಾರಣಕ್ಕೆ 1998ರ ಆಗಸ್ಟಿನಿಂದ ಈಚೆಗೆ ಗೆದ್ದ ಪ್ರಶಸ್ತಿಗಳನ್ನೆಲ್ಲ ಕಳೆದುಕೊಂಡ. ಹಾಲಿನ ಕ್ಯಾನು ನೇತುಹಾಕಿ ಸವೆದ ಕ್ಯಾರಿಯರಿನ ಒಂದು ಹರ್ಕ್ಯುಲಿಸ್ಸಿಗೆ ಅಂಥ ಬೆಲೆ ಎಂದೂ ಬಾರದು. ಆದರೆ ಒಂದು ಊರು ಹೇಗೆ ಬದುಕಿತು ಎಂದು ಕೇಳಿದರೆ ಹೇಳಬಲ್ಲದ್ದು ಆ ಹರ್ಕ್ಯುಲಿಸ್ಸೇ.

ಹರಾಜಿನಿಂದ ಹಾನಿಯೂ ಉಂಟು ಎಂಬುದನ್ನು ಮರೆಮಾಚಬಾರದು. ಬೆಲೆ ಬಂದೀತೆಂಬ ಆಸೆಗೆ ಮೂರು ಹಳೆಯ ಸೈಕಲ್ಲುಗಳನ್ನು ಬಿಚ್ಚಿ ಒಂದನ್ನು ಜೋಡಿಸುವವರಿದ್ದಾರೆ. ಮೂಲ ಬಣ್ಣ ಕೆರೆದು ಥಳಥಳಿಸುವ ಹೊಸ ಬಣ್ಣ ಹೊಡೆಸುವವರಿದ್ದಾರೆ. ಹಳೆಯ ಕಂಪನಿಗಳ ಎನಾಮಲ್ ಫಲಕಗಳ ನಕಲುಗಳಂತೂ ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಹೊಸ ಬಣ್ಣ ಬಿದ್ದ ಕೂಡಲೇ, ಕೈ ತಾಗಿ ತಾಗಿ ಮಾಸಿದ ಬಾರು, ಮಗುವನ್ನು ಕೂರಿಸಲು ಕಟ್ಟಿದ ಪುಟ್ಟ ಸೀಟಿನ ಗೀರು, ಒಡೆಯ ಬರೆಸಿದ್ದ ಹೆಸರಿನ ಅಕ್ಷರ ಎಲ್ಲವೂ ಅಳಿಸಿಹೋಗುತ್ತವೆ. ಶಿಲಾಶಾಸನವನ್ನು ಉಜ್ಜಿ ನಯಮಾಡಿದಂತಾಗುತ್ತದೆ ಅದು. ತುಕ್ಕು ಹರಡದಂತೆ ತಡೆಯುವುದು, ಒಣಗಿದ ಚರ್ಮದ ಸೀಟಿನ ಮೇಲೆ ಭಾರ ಹಾಕದಿರುವುದು, ಬದಲಾಯಿಸಿದ ಭಾಗವನ್ನು ಬಿಸಾಡದೆ ಚೀಟಿ ಕಟ್ಟಿ ಎತ್ತಿಡುವುದು ಇವು ಒಳ್ಳೆಯ ಸಂಗ್ರಾಹಕನ ಲಕ್ಷಣಗಳು.

ಕಾನೂನಿನ ಒಂದು ಮಾತನ್ನೂ ಇಲ್ಲೇ ಹೇಳಬೇಕು. 1972ರ ಪುರಾತನ ವಸ್ತು ಮತ್ತು ಕಲಾ ನಿಧಿಗಳ ಅಧಿನಿಯಮದ ಪ್ರಕಾರ ಐತಿಹಾಸಿಕ ಮಹತ್ವದ ವಸ್ತುವೊಂದು 'ಪುರಾತನ' ಎನಿಸಿಕೊಳ್ಳಲು ಕನಿಷ್ಠ ನೂರು ವರ್ಷ ತುಂಬಿರಬೇಕು. ಅಂಥದನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಸೈಕಲ್ಲಿನ ಮೊದಲ ತಲೆಮಾರುಗಳು ಈಗ ಆ ವಯಸ್ಸನ್ನು ದಾಟಿವೆ.

ನಿಮ್ಮ ಪಾಲಿನ ಕೆಲಸ

ಕರ್ನಾಟಕದಲ್ಲಿ ಹಳೆಯ ವಸ್ತುಗಳನ್ನು ಉಳಿಸಿದ ಒಳ್ಳೆಯ ಮಾದರಿಗಳಿವೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ಮತ್ತು ಹಳೆಯ ಕಾರುಗಳ ಸಂಗ್ರಹ, ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಇವನ್ನು ನೀವು ನೋಡಿರಬಹುದು. ಬೆಂಗಳೂರಿನಲ್ಲಿ ವಿಮಾನಗಳ ಚರಿತ್ರೆಗೆ ಎಚ್.ಎ.ಎಲ್. ಪಾರಂಪರಿಕ ಕೇಂದ್ರವಿದೆ, ಕೈಗಡಿಯಾರಗಳ ಚರಿತ್ರೆಗೆ ಎಚ್.ಎಂ.ಟಿ. ಪಾರಂಪರಿಕ ಕೇಂದ್ರವಿದೆ. ಆದರೆ ಆ ಕಾರ್ಖಾನೆಗಳ ಗೇಟಿನವರೆಗೆ ಸಾವಿರಾರು ಕಾರ್ಮಿಕರನ್ನು ದಿನವೂ ಹೊತ್ತು ತಂದ ಸೈಕಲ್ಲಿನ ಚರಿತ್ರೆಯ ಹೊಣೆ ಬಹುಮಟ್ಟಿಗೆ ಖಾಸಗಿ ಸಂಗ್ರಾಹಕರ ಮೇಲೆ ಬಿದ್ದಿದೆ. ಪುಣೆಯ ಕರ್ವೆನಗರದಲ್ಲಿ 2017ರಲ್ಲಿ ಒಂದು ಕುಟುಂಬದ ಸಂಗ್ರಹವೇ ಸೈಕಲ್ ವಸ್ತುಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆಯಿತು. ಒಬ್ಬರ ಹವ್ಯಾಸ ಎಲ್ಲರ ಆಸ್ತಿಯಾಗಬಲ್ಲದೆಂಬುದಕ್ಕೆ ಇದು ನಿದರ್ಶನ.

ಹರಾಜಿನಲ್ಲಿ ಕೊಳ್ಳಲು ನಿಮ್ಮಲ್ಲಿ ಹಣವಿಲ್ಲದಿರಬಹುದು. ಚಿಂತೆಯಿಲ್ಲ. ಹಣವಿರುವವನು ವಸ್ತುವನ್ನು ಕೊಳ್ಳಬಹುದು. ಆದರೆ ವೃತ್ತಾಂತವನ್ನು ಮನೆಯವರಿಂದಷ್ಟೇ ಕೇಳಬೇಕು. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನಿಮ್ಮ ಬೀದಿಯಲ್ಲಿ ಹಳೆಯ ಸೈಕಲ್ಲು ಎಲ್ಲಿದೆ ನೋಡಿ. ಮನೆಯವರ ಅನುಮತಿ ಪಡೆದು, ಹೆಸರು, ಚೌಕಟ್ಟಿನ ಸಂಖ್ಯೆ, ಹಬ್ಬಿನ ಮೇಲಿನ ಅಕ್ಷರಗಳನ್ನು ಬರೆದುಕೊಳ್ಳಿ. ಆಮೇಲೆ ಹಿರಿಯರ ಬಳಿ ಕುಳಿತು ಕೇಳಿ: ಯಾವಾಗ ಕೊಂಡಿರಿ, ಎಷ್ಟು ಕೊಟ್ಟಿರಿ, ಎಲ್ಲಿಗೆ ಹೋಗುತ್ತಿದ್ದಿರಿ, ಯಾರನ್ನು ಹಿಂದೆ ಕೂರಿಸಿಕೊಂಡಿರಿ? ಸೈಕಲ್ಲು ಇನ್ನು ಹತ್ತು ವರ್ಷ ಹಾಗೆಯೇ ನಿಲ್ಲಬಹುದು. ಹೇಳುವವರು ಅಷ್ಟು ಕಾಲ ಕಾಯಲಾರರು.

ಕೊನೆಯದಾಗಿ ಒಂದು ಮಾತು. ಹಳೆಯದೆಂದರೆ ಇಂಗ್ಲೆಂಡಿನದು ಮಾತ್ರ ಎಂದು ತಿಳಿಯಬೇಡಿ. 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿತು. ನಿನ್ನೆಯವರೆಗೆ ಬೀದಿಯಲ್ಲಿ ಸರ್ವೇಸಾಮಾನ್ಯವಾಗಿದ್ದದ್ದು ಅಂದಿನಿಂದ ಚರಿತ್ರೆಯ ಕಡೆಗೆ ಹೊರಟಿತು. 2006–07ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಕೊಡುವ ಯೋಜನೆ ಆರಂಭಿಸಿತು. ದೂರದ ಪ್ರೌಢಶಾಲೆಗೆ ಹೋಗಲಾರದೆ ಓದು ನಿಲ್ಲಿಸಬಹುದಾಗಿದ್ದ ಎಷ್ಟೋ ಹೆಣ್ಣುಮಕ್ಕಳು ಆ ಸೈಕಲ್ಲಿನ ಮೇಲೆ ಶಾಲೆ ಮುಟ್ಟಿದರು. ಇನ್ನು ಐವತ್ತು ವರ್ಷಕ್ಕೆ ಅಂಥ ಸೈಕಲ್ಲೊಂದು ಹರಾಜಿನ ಕಟ್ಟೆಯ ಮೇಲೆ ನಿಂತಾಗ, 'ಇದು ಯಾರದು? ಇದರ ಮೇಲೆ ಯಾರು, ಎಲ್ಲಿಗೆ ಹೋದರು?' ಎಂದು ಯಾರಾದರೂ ಕೇಳುತ್ತಾರೆ. ಉತ್ತರ ಬರೆದಿಟ್ಟವರು ಇದ್ದರೆ ಅದು ಚರಿತ್ರೆ. ಇಲ್ಲದಿದ್ದರೆ ಹದಿನೆಂಟು ಕಿಲೋ ಕಬ್ಬಿಣ.